ಉದ್ಯಮಶೀಲತೆ ಓದುವ ಮಲೆನಾಡಿನ ವಿದ್ಯಾರ್ಥಿಗೆ: ಮೂರು ವರ್ಷ, ಒಂದೇ ಉತ್ಪನ್ನ

ಓದು ಮುಗಿದ ಮೇಲೆ ಸ್ವಂತ ಉದ್ಯಮ ಮಾಡಬೇಕು ಎಂಬ ಆಸೆ ಇಟ್ಟುಕೊಂಡು ಬಿ.ಕಾಂ., ಬಿಬಿಎ, ಎಂಬಿಎ ಸೇರುವ ಮಕ್ಕಳು ಶಿವಮೊಗ್ಗ ಜಿಲ್ಲೆಯಲ್ಲಿ ಈಗ ಬೇಕಾದಷ್ಟಿದ್ದಾರೆ. ಉದ್ಯಮಶೀಲತೆ ಎಂಬ ಪತ್ರಿಕೆಯೂ ಪಠ್ಯದಲ್ಲಿದೆ. ಉದ್ಯಮಿಯ ಗುಣಲಕ್ಷಣಗಳು, ಉದ್ಯಮಿಗಳ ವಿಧಗಳು, ಜಿಲ್ಲಾ ಕೈಗಾರಿಕಾ ಕೇಂದ್ರದ ಕಾರ್ಯಗಳು ಎಂದು ಓದಿ ಬರೆದು ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ಅಂಥ ಒಬ್ಬ ವಿದ್ಯಾರ್ಥಿನಿಯನ್ನು, "ನಿಮ್ಮ ಮನೆಯಲ್ಲಿ ಮಾಡುವ ಮಿಡಿ ಉಪ್ಪಿನಕಾಯಿ ಒಂದು ಬಾಟಲಿಗೆ ಎಷ್ಟು ಅಸಲು ಬೀಳುತ್ತದಮ್ಮ?" ಎಂದು ಕೇಳಿ ನೋಡಿ, ತಡವರಿಸುತ್ತಾಳೆ. ತಪ್ಪು ಅವಳದಲ್ಲ. ಲೆಕ್ಕಶಾಸ್ತ್ರ ಒಂದು ಕಡೆ, ಮಾರುಕಟ್ಟೆ ಇನ್ನೊಂದು ಕಡೆ, ವಾಣಿಜ್ಯ ಕಾನೂನು ಮತ್ತೊಂದು ಕಡೆ ಎಂದು ಬಿಡಿಬಿಡಿಯಾಗಿ ಓದಿದರೆ ಹೀಗೆಯೇ ಆಗುತ್ತದೆ. ವ್ಯಾಪಾರಕ್ಕೆ ಕುಳಿತ ದಿನ ಅವೆಲ್ಲವೂ ಒಟ್ಟಿಗೇ ಎದುರಿಗೆ ಬಂದು ನಿಲ್ಲುತ್ತವೆ.

ಆದ್ದರಿಂದ ನಾನು ಹೇಳುವ ದಾರಿ ಇದು. ಮೊದಲ ವರ್ಷವೇ ನಿಮ್ಮ ತಾಲ್ಲೂಕಿನ ಒಂದು ಉತ್ಪನ್ನವನ್ನೋ ಸೇವೆಯನ್ನೋ ಆರಿಸಿಕೊಳ್ಳಿ. ಪದವಿ ಮುಗಿಯುವವರೆಗೆ ಕಾಲೇಜು ಕೊಡುವ ಪ್ರತಿಯೊಂದು ಅಸೈನ್‌ಮೆಂಟ್, ಸೆಮಿನಾರ್, ಪ್ರಾಜೆಕ್ಟನ್ನು ಅದರ ಮೇಲೆಯೇ ಮಾಡಿ. ಹೇಗೂ ಮಾಡಲೇಬೇಕಾದ ಕೆಲಸ ಅದು. ಎಲ್ಲಿಂದಲೋ ನಕಲು ಮಾಡಿ ಒಪ್ಪಿಸಿದರೆ ರದ್ದಿಗೆ ಹೋಗುತ್ತದೆ. ಒಂದೇ ವಸ್ತುವಿನ ಬೆನ್ನು ಹಿಡಿದರೆ ಮೂರು ವರ್ಷದ ಕೊನೆಗೆ ಬ್ಯಾಂಕಿನ ಮೇಜಿನ ಮೇಲೆ ಇಡಬಹುದಾದ ಕಡತ ನಿಮ್ಮ ಕೈಯಲ್ಲಿರುತ್ತದೆ.

ಕೋರ್ಸಿನ ಆಯ್ಕೆ

ಉದ್ಯಮ ಕಲಿಯಲು ಬೆಂಗಳೂರಿಗೇ ಹೋಗಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಕಚ್ಚಾ ಮಾಲು, ನಿಮ್ಮ ಮೇಲೆ ನಂಬಿಕೆ ಇರುವ ಜನ, ನೀವು ಬಾಡಿಗೆ ಕೊಡದೆ ಬಳಸಬಹುದಾದ ಹಿತ್ತಲು ಎಲ್ಲವೂ ಇಲ್ಲಿರುವಾಗ ಅವುಗಳಿಂದ ದೂರ ಹೋಗಿ ಕಲಿಯುವುದಕ್ಕೆ ಗಟ್ಟಿಯಾದ ಕಾರಣ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವಾಣಿಜ್ಯ ಮತ್ತು ನಿರ್ವಹಣೆಯ ಪದವಿ ಕಾಲೇಜುಗಳು ಅದರ ಅಡಿಯಲ್ಲಿವೆ. ಎಂಜಿನಿಯರಿಂಗ್ ಓದುವವರಿಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ನಿರ್ವಹಣೆ ಮತ್ತು ಉದ್ಯಮಶೀಲತೆಯ ಪತ್ರಿಕೆ ಬರುತ್ತದೆ.

ತೋಟ, ಆಹಾರ, ಅರಣ್ಯ ಉತ್ಪನ್ನದ ಕಡೆ ಮನಸ್ಸಿರುವವರು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಗಮನಿಸಬೇಕು. 2012ರಲ್ಲಿ ಆರಂಭವಾದ ಇದರ ದೊಡ್ಡ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರೊಂದಿಗೆ ಕೆಲಸ ಮಾಡಬೇಕು. ಉತ್ಪಾದನೆಯಿಂದ ಮಾರಾಟದವರೆಗೆ ತಾವೇ ಮಾಡಿ ಕಲಿಯುವ ಅನುಭವಾತ್ಮಕ ಕಲಿಕೆಯ ಘಟಕವೂ ಇರುತ್ತದೆ. ವಾಣಿಜ್ಯದ ವಿದ್ಯಾರ್ಥಿಗೆ ಇಂಥ ಅವಕಾಶ ತಾನಾಗಿ ಸಿಗುವುದಿಲ್ಲ, ಅವನು ತಾನೇ ಸೃಷ್ಟಿಸಿಕೊಳ್ಳಬೇಕು.

ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಈ ಲೇಖನದ ಲೆಕ್ಕಾಚಾರವೂ ಮೂರು ವರ್ಷದ್ದೇ. ಕಾಲೇಜು ಸೇರುವ ಮುನ್ನ ಕಟ್ಟಡ ನೋಡಿ ಮರುಳಾಗದೆ ಹಿರಿಯ ವಿದ್ಯಾರ್ಥಿಗಳಲ್ಲಿ ಎರಡು ವಿಷಯ ವಿಚಾರಿಸಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ಮೇಷ್ಟ್ರು ನಿಜವಾಗಿ ಕೂತು ಓದುತ್ತಾರೆಯೇ? ವಿಷಯವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಲು ಬಿಡುತ್ತಾರೆಯೇ? ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಕೇಂದ್ರ ಸರ್ಕಾರದ 'ಸ್ವಯಂ' (SWAYAM) ಎಂಬ ಕಲಿಕಾ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಯಾವ ವಸ್ತು?

ಅಡಿಕೆಯ ನಾಡಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಹಾಳೆ ತಟ್ಟೆಯ ಕಡೆಗೆ. ಕೆಟ್ಟ ಆಯ್ಕೆಯೇನಲ್ಲ. ಆದರೆ ಯಂತ್ರಕ್ಕೆ ಮೊದಲೇ ಹಣ ಸುರಿಯಬೇಕು. ಹೊರದೇಶವನ್ನೇ ನಂಬಿದರೆ ಅಪಾಯವೂ ಇದೆ: 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಅಡಿಕೆ ಹಾಳೆಯ ತಟ್ಟೆಗಳ ಸುರಕ್ಷತೆಯ ಬಗ್ಗೆ ಆಕ್ಷೇಪ ಎತ್ತಿ ಎಚ್ಚರಿಕೆ ನೀಡಿತು. ಒಂದೇ ದೇಶವನ್ನು ನೆಚ್ಚಿ ಸಾಲ ಮಾಡಿದವರಿಗೆ ಇಂಥ ಒಂದು ಆದೇಶ ಸಾಕು.

ಆರಿಸುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಕಚ್ಚಾ ಮಾಲು ನಿಮ್ಮ ಮನೆಯಿಂದ ಒಂದು ದಿನದ ಓಡಾಟದೊಳಗೆ ಸಿಗುತ್ತದೆಯೇ? ನೆಂಟರಲ್ಲದವರು ಈಗಾಗಲೇ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆಯೇ? ಹತ್ತಿಪ್ಪತ್ತು ಸಾವಿರ ರೂಪಾಯಿಯೊಳಗೆ ಪರೀಕ್ಷಿಸಿ ನೋಡಲು ಸಾಧ್ಯವೇ? ಹಲಸಿನ ಹಪ್ಪಳ, ಮುರುಗಲು, ಜೋನಿ ಬೆಲ್ಲ, ಕಾಳುಮೆಣಸು, ಸೊರಬ-ಸಾಗರ ಕಡೆಯ ಅನಾನಸು, ಎಲ್ಲವೂ ಈ ಪ್ರಶ್ನೆಗಳಿಗೆ ಒಂದಿಷ್ಟು ಉತ್ತರ ಕೊಡುತ್ತವೆ.

ಸೇವೆಯನ್ನು ಮರೆಯಬೇಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗದೆ ಅಡಿಕೆ ಬೆಳೆಗಾರರು ಪಡುವ ಪಾಡು ನಿಮ್ಮ ಮನೆಯಲ್ಲೇ ನೋಡಿರುತ್ತೀರಿ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ತೆಗೆಯುವ, ಮಳೆಗಾಲದ ಮುನ್ನ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿಕೊಡುವ ನಾಲ್ಕು ಜನರ ತಂಡ ಕಟ್ಟಿದರೆ ಕೆಲಸಕ್ಕೆ ಬರವಿಲ್ಲ. ನನ್ನನ್ನು ಕೇಳಿದರೆ ತಿನಿಸಿನ ಉದ್ಯಮಕ್ಕಿಂತ ಇದೇ ಬೇಗ ಕೈ ಹಿಡಿಯುತ್ತದೆ. ಪದವೀಧರ ಮಾಡುವ ಕೆಲಸವೇ ಇದು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹತ್ತು ತೋಟಗಳ ದಿನಾಂಕ, ಕೂಲಿ, ವಿಮೆ, ಬಾಕಿ ವಸೂಲಿಯನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುವುದಕ್ಕೆ ಓದಿದವರೇ ಬೇಕು.

ಮುಂದಿನ ವಿವರಕ್ಕೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿಯನ್ನು ಹಿಡಿಯುತ್ತೇನೆ. ಪದವಿಯ ಎಲ್ಲ ಪತ್ರಿಕೆಗಳೂ ಅದರೊಳಗೆ ಇವೆ, ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದೆ.

ಮೊದಲ ವರ್ಷ: ಕೇಳಿ, ನೋಡಿ, ಬರೆದಿಡಿ

ಮೊದಲ ವರ್ಷ ಏನನ್ನೂ ಮಾರಬೇಡಿ. ಮಾರುಕಟ್ಟೆ ಸಮೀಕ್ಷೆ ಎಂಬ ಅಸೈನ್‌ಮೆಂಟ್ ಬಂದಾಗ ಸಹಪಾಠಿಗಳಿಗೆ ಗೂಗಲ್ ಫಾರ್ಮ್ ಕಳುಹಿಸಿ ಮುಗಿಸುವ ಬದಲು ಒಂದು ಶನಿವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ. ನಮ್ಮ ಕಡೆಯ ಜನ ಎದುರಿಗಿದ್ದವರ ಮನ ನೋಯಿಸುವುದಿಲ್ಲ. "ನಮ್ಮ ಉಪ್ಪಿನಕಾಯಿ ಹೇಗಿದೆ ಅತ್ತೆ?" ಎಂದರೆ "ಬಹಳ ಚೆನ್ನಾಗಿದೆ" ಎಂದೇ ಉತ್ತರ ಬರುತ್ತದೆ, ಅದರಿಂದ ಕಾಸಿನ ಪ್ರಯೋಜನವಿಲ್ಲ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಹೋದ ವರ್ಷ ಉಪ್ಪಿನಕಾಯಿಯನ್ನು ಕೊಂಡಿರೋ, ಮನೆಯಲ್ಲೇ ಹಾಕಿದಿರೋ? ಎಲ್ಲಿ ಕೊಂಡಿರಿ? ಎಷ್ಟು ಕೊಟ್ಟಿರಿ? ಮುಗಿಯಲು ಎಷ್ಟು ತಿಂಗಳು ಹಿಡಿಯಿತು? ಅಂಗಡಿಯವರಿಗೆ ಪ್ರಶ್ನೆ ಬೇರೆ: "ಅಣ್ಣಾ, ಯಾವ ಅಳತೆಯ ಬಾಟಲಿ ಬೇಗ ಖಾಲಿಯಾಗುತ್ತದೆ? ನಿಮಗೆ ಎಷ್ಟು ಬಿಡುತ್ತಾರೆ? ಹಣ ಕೂಡಲೇ ಕೊಡುತ್ತೀರೋ, ಮಾರಿದ ಮೇಲೋ?" ಈ ಕೊನೆಯ ಪ್ರಶ್ನೆಯ ಉತ್ತರವನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಹಾಗೆಯೇ ಅಡಿಕೆ ಮಂಡಿಗೆ ಒಮ್ಮೆಯಾದರೂ ಹೋಗಿ ನಿಲ್ಲಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೇ ಬೆಳೆ ಬೇರೆ ಬೇರೆ ದರಕ್ಕೆ ಹೋಗುವುದನ್ನು ನೋಡಿದರೆ ದರ್ಜೆ ಮತ್ತು ಬೆಲೆಯ ಸಂಬಂಧ ಅರ್ಥವಾಗುತ್ತದೆ. 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್, 1973ರಲ್ಲಿ ಆರಂಭವಾದ ಕ್ಯಾಂಪ್ಕೋ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಯಾಕೆ ಬೇಕಾದವು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಬೆಳೆದವನೊಬ್ಬನೇ ನಿಂತು ದರ ಕುದುರಿಸಲಾಗದ ಪರಿಸ್ಥಿತಿಗೆ ಸಹಕಾರ ಸಂಘ ಉತ್ತರವಾಗಿತ್ತು. ಈ ಕಥೆ ಗೊತ್ತಿದ್ದವನು ಸಹಕಾರ ಸಂಘಗಳ ಅಧ್ಯಾಯವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಿಡಿಯ ಕಾಲ. ಆಗ ಮಿಡಿ ಕೊಯ್ಯುವವರೊಂದಿಗೆ ಹೊಳೆದಂಡೆಗೆ ಹೋಗಿ ಬನ್ನಿ. ತೊಟ್ಟು ಉಳಿಸಿ ಕೊಯ್ದ ಮಿಡಿಯಲ್ಲಿ ಸೊನೆ ಉಳಿಯುತ್ತದೆ, ಪರಿಮಳವೂ ಉಳಿಯುತ್ತದೆ. ನೆಲಕ್ಕೆ ಬಿದ್ದು ಪೆಟ್ಟು ತಿಂದದ್ದು ಉಪ್ಪುನೀರಿನಲ್ಲೇ ಮೆತ್ತಗಾಗುತ್ತದೆ. ಭರಣಿಯಲ್ಲಿ ನೂರು ಮಿಡಿಯ ನಡುವೆ ಅಂಥ ನಾಲ್ಕು ಸೇರಿದರೆ ಇಡೀ ಭರಣಿಯ ಮೇಲೆ ಕಣ್ಣಿಡಬೇಕಾಗುತ್ತದೆ. ಮರ ಪ್ರತಿ ವರ್ಷ ಒಂದೇ ಸಮನೆ ಕಾಯಿ ಬಿಡುವುದಿಲ್ಲ ಎಂಬುದನ್ನೂ ಅಲ್ಲಿಯೇ ಕೇಳಿಸಿಕೊಳ್ಳುತ್ತೀರಿ. ಮರ ಯಾರದು ಎಂದು ಕೇಳುವುದನ್ನು ಬಿಡಬೇಡಿ. ಖಾಸಗಿ ಜಾಗದ ಮರಕ್ಕೆ ಮಾಲೀಕರ ಜೊತೆ ಮಾತುಕತೆ ಸಾಕು, ಮೀಸಲು ಅರಣ್ಯದಲ್ಲಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ.

ಅಸಲಿನ ಲೆಕ್ಕ

ಇಡೀ ಪದವಿಯಲ್ಲಿ ಒಂದೇ ಪತ್ರಿಕೆಯನ್ನು ಮನಸ್ಸಿಟ್ಟು ಓದುವುದಾದರೆ ವೆಚ್ಚ ಲೆಕ್ಕಶಾಸ್ತ್ರವನ್ನು ಓದಿ. ಮನೆ ಉದ್ಯಮಗಳು ಸೊರಗುವುದು ರುಚಿ ಕೆಟ್ಟು ಅಲ್ಲ, ಈ ಲೆಕ್ಕ ತಪ್ಪಿ.

ಒಂದು ಉದಾಹರಣೆ ಮಾಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಹಿಡಿದವು, ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಮಾಡಬೇಕು. ಬಾಟಲಿಯ ಮೇಲೆ ಮುದ್ರಿಸಿದ ಬೆಲೆ 200 ರೂಪಾಯಿ. ಅಂಗಡಿಯವರಿಗೆ 40 ಬಿಟ್ಟರೆ ನಿಮ್ಮ ಕೈಗೆ 160. ಮಿಡಿ, ಉಪ್ಪು, ಮೆಣಸು, ಸಾಸಿವೆಗೆ 75. ಬಾಟಲಿ, ಮುಚ್ಚಳ, ಲೇಬಲ್ಲಿಗೆ 22. ಸಾಗಣೆ ಮತ್ತು ಒಡೆದು ಹೋಗುವ ಬಾಟಲಿಗಳ ಲೆಕ್ಕ 8. ಸೇರಿದರೆ 105. ಉಳಿಯುವುದು 55 ರೂಪಾಯಿ. ಬಾಡಿಗೆ, ವಿದ್ಯುತ್, ಪ್ರಯೋಗಾಲಯದ ಪರೀಕ್ಷೆ, ಓಡಾಟ ಎಲ್ಲ ಸೇರಿ ವರ್ಷದ ಸ್ಥಿರ ವೆಚ್ಚ 48,000 ಎಂದುಕೊಂಡರೆ 873 ಬಾಟಲಿ ಮಾರಿದಾಗ ಹಾಕಿದ್ದು ವಾಪಸು ಬರುತ್ತದೆ.

ಈ ಲೆಕ್ಕದಲ್ಲಿ ಒಬ್ಬರು ಕಾಣೆಯಾಗಿದ್ದಾರೆ. ಮಿಡಿ ಆರಿಸಿದವರು, ಮಸಾಲೆ ಹುರಿದು ಬೀಸಿದವರು, ಬಾಟಲಿ ತೊಳೆದು ಒಣಗಿಸಿದವರು ಯಾರು? ಅಮ್ಮ, ಅತ್ತಿಗೆ, ಪಕ್ಕದ ಮನೆಯ ದೊಡ್ಡಮ್ಮ. ಅವರ ದುಡಿಮೆಗೆ ಬಾಟಲಿಗೆ 15 ರೂಪಾಯಿ ಹಾಕಿ. ಉಳಿಯುವುದು 40, ಮಾರಬೇಕಾದ ಬಾಟಲಿ 1,200. ಮುನ್ನೂರಕ್ಕೂ ಹೆಚ್ಚು ಬಾಟಲಿಗಳ ವ್ಯತ್ಯಾಸ ಅಮ್ಮನ ಬೆನ್ನಿನ ಮೇಲಿತ್ತು. ಮನೆಯವರು ಕೂಲಿ ಬೇಡ ಎನ್ನಬಹುದು, ಕೊಡದೆಯೂ ಇರಬಹುದು, ಆದರೆ ಪುಸ್ತಕದಲ್ಲಿ ಬರೆಯಲೇಬೇಕು. ನಾಳೆ ಬೇಡಿಕೆ ಹೆಚ್ಚಿ ಇಬ್ಬರು ಕೆಲಸದವರನ್ನು ಇಟ್ಟುಕೊಂಡ ದಿನ ಲಾಭವೆಲ್ಲ ಎಲ್ಲಿ ಹೋಯಿತು ಎಂದು ಕಂಗಾಲಾಗುವುದು ಈ ಸಾಲನ್ನು ಬಿಟ್ಟವರೇ. ಲೆಕ್ಕಕ್ಕಿಂತ ಮಿಗಿಲಾದ ಕಾರಣವೂ ಇದೆ: ಮನೆಯ ಹೆಂಗಸರ ದುಡಿಮೆ ಪುಕ್ಕಟೆ ಎಂದು ಬರೆಯುವ ಪುಸ್ತಕ ಸುಳ್ಳು ಪುಸ್ತಕ.

ಇನ್ನೊಂದು ಲೆಕ್ಕ ಕಾಲದ್ದು. ಮಿಡಿಗೆ ಮಾರ್ಚಿಯಲ್ಲಿ ಕೈಗಾಸು ಕೊಡಬೇಕು. ಉಪ್ಪುನೀರಿನಲ್ಲಿ ಇಟ್ಟ ಮಿಡಿಯನ್ನು ಬೇಕಾದಂತೆ ತೆಗೆದು ವರ್ಷವಿಡೀ ಮಸಾಲೆ ಬೆರೆಸಿ ಮಾರುತ್ತೀರಿ. ಅಂಗಡಿಯವರು ಉದ್ರಿ ಇಟ್ಟರೆ ಹಣ ಇನ್ನೂ ಎರಡು ತಿಂಗಳು ತಡ. ಅಂದರೆ ಮಾರ್ಚಿಯ ರೂಪಾಯಿ ದೀಪಾವಳಿಗೂ ಮನೆಗೆ ಬಂದಿರದೆ ಇರಬಹುದು. ಹೀಗೆ ನಡುವೆ ಸಿಕ್ಕಿಕೊಂಡ ಹಣಕ್ಕೆ ಪಠ್ಯದಲ್ಲಿ ದುಡಿಯುವ ಬಂಡವಾಳ ಎನ್ನುತ್ತಾರೆ. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬಸಾಲು ಎಳೆದು, ಪ್ರತಿ ತಿಂಗಳು ಬರುವ ಹಣ, ಹೋಗುವ ಹಣ ಬರೆಯಿರಿ. ಲಾಭದ ವ್ಯಾಪಾರವೂ ಯಾವ ತಿಂಗಳಲ್ಲಿ ಕೈ ಬರಿದಾಗಿ ನಿಲ್ಲುತ್ತದೆ ಎಂಬುದು ಆ ಒಂದು ಹಾಳೆಯಲ್ಲಿ ಕಾಣುತ್ತದೆ. ಬ್ಯಾಂಕಿನವರು ನಿಮ್ಮ ವರದಿಯಲ್ಲಿ ಹುಡುಕುವುದೂ ಅದನ್ನೇ.

ಎರಡನೇ ವರ್ಷ: ನೂರು ಬಾಟಲಿ ಮತ್ತು ಕಾಗದಪತ್ರ

ಈಗ ಮಾರಿ, ಆದರೆ ನೂರು ಬಾಟಲಿಯನ್ನು ಮೀರಬೇಡಿ. ಅರ್ಧವನ್ನು ಅಂಗಡಿಗೆ ಕೊಡಿ, ಅರ್ಧವನ್ನು ನೇರವಾಗಿ ಮಾರಿ. ಎರಡರಲ್ಲೂ ಯಾವುದರಿಂದ ಹಣ ಬೇಗ ಬಂತು, ಯಾರು ಎರಡನೇ ಸಲ ಕೇಳಿದರು ಎಂದು ಗುರುತು ಹಾಕಿ. ಮೊದಲ ಸಲ ಕೊಂಡವರು ಪರಿಚಯಕ್ಕೆ ಕೊಂಡಿರಬಹುದು, ಎರಡನೇ ಸಲ ಕೊಂಡವರೇ ಗಿರಾಕಿ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮೊಬೈಲ್ ಪಾವತಿಯೆಲ್ಲ ಅದಕ್ಕೇ ಬರುವಂತೆ ಮಾಡಿ.

ಆಹಾರ ಪದಾರ್ಥ ಮಾರುವ ಮೊದಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಬೇಕು. ಸಣ್ಣ ತಯಾರಕರಿಗೆ ಮೂಲ ನೋಂದಣಿ ಸಾಕು, ವಹಿವಾಟು ಬೆಳೆದಂತೆ ಪರವಾನಗಿ ಬೇಕಾಗುತ್ತದೆ. ಅವರು ಕೊಡುವ 14 ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲೆ ಇರಬೇಕು. ಅದರ ಜೊತೆ ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ಕಾಲ ಬಾಳುತ್ತದೆ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಗುರುತು. ವಾಣಿಜ್ಯ ಕಾನೂನಿನ ಅಸೈನ್‌ಮೆಂಟಿಗೆ ನಿಮ್ಮ ಲೇಬಲ್ಲನ್ನೇ ಅಂಟಿಸಿ, ಪ್ರತಿ ಸಾಲು ಯಾವ ಕಾಯ್ದೆಯಿಂದ ಬಂತು ಎಂದು ಬರೆಯಿರಿ.

ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು, ಯಾರಿಗೂ ದುಡ್ಡು ಕೊಡಬೇಡಿ. ಜಿಎಸ್‌ಟಿ ವಿಷಯದಲ್ಲಿ ಹಲವರು ಎಡವುವ ಜಾಗ ಒಂದಿದೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆಯ ಸರಕನ್ನು ಗೋವಾಕ್ಕೋ ಚೆನ್ನೈಗೋ ಮಾರಿ ಕೊರಿಯರ್ ಮಾಡಿದರೆ ಆ ಮಿತಿ ಅನ್ವಯಿಸುವುದಿಲ್ಲ, ಮೊದಲ ಬಾಟಲಿಗೇ ನೋಂದಣಿ ಬೇಕು. ಮುಂದೆ ತೋಟದ ಜಾಗದಲ್ಲಿ ಘಟಕ ಕಟ್ಟುವ ಯೋಚನೆಯಿದ್ದರೆ ಪಹಣಿ ಯಾರ ಹೆಸರಿನಲ್ಲಿದೆ, ಭೂ ಪರಿವರ್ತನೆ ಆಗಬೇಕೇ ಎಂದು ಈಗಲೇ ವಿಚಾರಿಸಿ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಸರಿಯಾಗಲು ಒಂದು ಪದವಿಯಷ್ಟೇ ಕಾಲ ಬೇಕಾಗಬಹುದು.

ಮಾಡುವ ಕೆಲಸವೂ ಮಾರುವ ಕೆಲಸವೂ ಬೇರೆ ಬೇರೆ ಎಂದು ಅರಿಯಲು ಹೆಗ್ಗೋಡಿನ ಬಳಿಯ ಭೀಮನಕೋಣೆಗೆ ಹೋಗಿ ಬನ್ನಿ. ಅಲ್ಲಿಯ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಂಥ ನೈಸರ್ಗಿಕ ಬಣ್ಣಗಳಿಂದ ಕೈಮಗ್ಗದ ಬಟ್ಟೆ ತಯಾರಿಸುತ್ತಾರೆ, ಮಾರುವುದಕ್ಕೆಂದೇ ದೇಸಿ ಎಂಬ ಬೇರೆ ಸಂಸ್ಥೆ ಇದೆ. ಇಷ್ಟು ಗಟ್ಟಿಯಾಗಿ ಕಟ್ಟಿದ ವ್ಯವಸ್ಥೆಯೂ ಕೋವಿಡ್ ಕಾಲದಲ್ಲಿ ಬಟ್ಟೆ ಮಾರಾಟವಾಗದೆ ತೀವ್ರ ಸಂಕಷ್ಟಕ್ಕೆ ಸಿಲುಕಿತು. ದಾಸ್ತಾನು ಎಂದರೆ ಕಟ್ಟಿಹಾಕಿದ ಹಣ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯವೂ ಹೇಳಲಾರದು.

ಮೂರನೇ ವರ್ಷ: ವರದಿ, ಬ್ಯಾಂಕು, ಸಹಾಯಧನ

ಕೊನೆಯ ಪ್ರಾಜೆಕ್ಟನ್ನು ನಿಮ್ಮ ಉದ್ಯಮದ ಯೋಜನಾ ವರದಿಯಾಗಿಯೇ ಬರೆಯಲು ಮೇಷ್ಟ್ರ ಒಪ್ಪಿಗೆ ಪಡೆಯಿರಿ. ಎರಡು ವರ್ಷದ ಟಿಪ್ಪಣಿ, ಅಸಲಿನ ಹಾಳೆ, ತಿಂಗಳವಾರು ಹಣದ ಹಾಳೆ, ನೂರು ಬಾಟಲಿಯ ಮಾರಾಟದ ದಾಖಲೆ ಕೈಯಲ್ಲಿರುವಾಗ ಇದು ಕಷ್ಟವಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ವರದಿಗೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಶಾಖಾ ವ್ಯವಸ್ಥಾಪಕರಿಗೆ ಎರಡನೇ ಪುಟದಲ್ಲೇ ತಿಳಿಯುತ್ತದೆ.

ಸಾಲ ಮತ್ತು ಸಹಾಯಧನದ ಮಾತಿಗೆ ಬಂದರೆ, ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ 2022ರ ಪರಿಷ್ಕರಣೆಯಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗಳಿಗೆ ಅವಕಾಶವಿದೆ. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು ಮತ್ತು ಇತರ ವಿಶೇಷ ವರ್ಗಗಳಿಗೆ ಶೇ. 35 ಸಹಾಯಧನ. ಹಳ್ಳಿಯ ಯುವತಿಯೊಬ್ಬಳ 5 ಲಕ್ಷದ ಘಟಕಕ್ಕೆ ಸ್ವಂತ ಹಣ 25,000, ಸಹಾಯಧನ 1.75 ಲಕ್ಷ. ಆ 1.75 ಲಕ್ಷ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಘಟಕ ನಡೆಯುತ್ತಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಆಹಾರ ಸಂಸ್ಕರಣೆಗೆ 2020ರಲ್ಲಿ ಆರಂಭವಾದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಕೇಂದ್ರದ ನಿಯಮದಂತೆ ಶೇ. 35, ಗರಿಷ್ಠ 10 ಲಕ್ಷ. ಇವುಗಳ ಅವಧಿಯೂ ಷರತ್ತುಗಳೂ ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ತಿಂಗಳೇ ಆಯಾ ಯೋಜನೆ ನೋಡಿಕೊಳ್ಳುವ ಜಿಲ್ಲಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಸಣ್ಣ ಮೊತ್ತ ಸಾಕಾದರೆ ಕೇಂದ್ರದ ಮುದ್ರಾ ಸಾಲ ಯೋಜನೆಯ 'ಶಿಶು' ವಿಭಾಗದಲ್ಲಿ 50,000ದವರೆಗೆ ಸಾಲವಿದೆ. ಸಹಾಯಧನಕ್ಕಾಗಿ ಘಟಕದ ಗಾತ್ರ ಹಿಗ್ಗಿಸಬೇಡಿ. ಗಾತ್ರ ಹಿಗ್ಗಿದಷ್ಟೂ ಕಂತಿನ ಭಾರವೂ ಹಿಗ್ಗುತ್ತದೆ.

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಒಂದು ತರಬೇತಿ ಮುಗಿಸಿಕೊಳ್ಳಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲೇ ಬ್ಯಾಂಕುಗಳು ಜಿಲ್ಲೆಗೊಂದರಂತೆ ಇವನ್ನು ನಡೆಸುತ್ತವೆ. ತರಬೇತಿ, ಊಟ, ವಸತಿ ಉಚಿತ. ಅದರ ಪ್ರಮಾಣಪತ್ರ ಸಾಲದ ಅರ್ಜಿಗೆ ನೆರವಾಗುತ್ತದೆ, ಜೊತೆಯಲ್ಲಿ ಕಲಿತವರು ಮುಂದೆ ಮಾಲು ಕೊಡುವವರೂ ಕೊಳ್ಳುವವರೂ ಆಗುತ್ತಾರೆ.

ಪದವಿ ಮುಗಿದ ದಿನ

ಫಲಿತಾಂಶಕ್ಕೆ ಮುನ್ನವೇ ಒಂದು ಅಂಕಿ ಬರೆದಿಡಿ: ಎರಡನೇ ಮತ್ತು ಮೂರನೇ ವರ್ಷದ ಮಾರಾಟದಲ್ಲಿ ಎರಡನೇ ಸಲ ಕೊಂಡವರು ಎಷ್ಟು ಜನರಿದ್ದರೆ ಪೂರ್ಣಾವಧಿಗೆ ಇಳಿಯುತ್ತೀರಿ? ಆ ಅಂಕಿಯನ್ನು ಮನೆಯವರಿಗೂ ತೋರಿಸಿ. ಮುಟ್ಟಿದರೆ ಅಪ್ಪನೊಂದಿಗೆ ಮಾತಾಡುವುದು ಸುಲಭ, ಮುಟ್ಟದಿದ್ದರೆ ನೀವೇ ನಿಮ್ಮ ಹುರುಪಿಗೆ ಕಡಿವಾಣ ಹಾಕಿಕೊಳ್ಳುವುದೂ ಸುಲಭ.

ಮುಟ್ಟದಿದ್ದರೆ ಎರಡು ವರ್ಷ ಕೆಲಸಕ್ಕೆ ಸೇರಿ, ಆದರೆ ಅದೇ ಸಾಲಿನ ಕೆಲಸವಾಗಿರಲಿ. ಅಡಿಕೆ ಮಂಡಿ, ಸಹಕಾರ ಸಂಘ, ಆಹಾರ ತಯಾರಿಕಾ ಘಟಕ, ಸಗಟು ವ್ಯಾಪಾರಿಯ ಮಳಿಗೆ, ಯಾವುದಾದರೂ ಸರಿ. ಸಂಬಳ ಸ್ವಲ್ಪ ಕಡಿಮೆಯಾದರೂ ಖರೀದಿ ಅಥವಾ ಮಾರಾಟದ ಮೇಜನ್ನೇ ಕೇಳಿ ಪಡೆಯಿರಿ. ದರ ಕುದುರುವುದು, ಮಾಲು ವಾಪಸು ಬರುವುದು, ಬಾಕಿ ವಸೂಲಾಗುವುದು ಎಲ್ಲ ಆ ಮೇಜಿನ ಮುಂದೆಯೇ ನಡೆಯುತ್ತದೆ. ಆ ಎರಡು ವರ್ಷವೂ ಮಿಡಿಯ ಕಾಲದಲ್ಲಿ ಒಂದು ಭರಣಿಯಷ್ಟನ್ನಾದರೂ ಹಾಕಿ, ಹಳೆಯ ಗಿರಾಕಿಗಳಿಗೆ ತಪ್ಪದೆ ಮುಟ್ಟಿಸಿ.